ಮಗಳ ಕಾಗುಣಿತ, ನನ್ನ ಫಜೀತಿ

ಓದಲು ತಡವರಿಸುವ ಮಗು ಮನೆಯಲ್ಲಿದ್ದರೆ ನಗುವುದಕ್ಕೆ ಟಿ.ವಿ. ಬೇಕಾಗುವುದಿಲ್ಲ, ಅಳು ಬಂದರೂ ನಗಲೇಬೇಕಾದ ಪ್ರಸಂಗ ದಿನಕ್ಕೊಂದು ಗ್ಯಾರಂಟಿ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಶರ್ಟುಗಳ ತಪ್ಪು ಹುಡುಕುವುದು ನನ್ನ ಕೆಲಸ. ಅರ್ಧ ಇಂಚು ಹೊಲಿಗೆ ತಪ್ಪಿದರೂ ಹಿಡಿಯುತ್ತೇನೆ. ಮೂರನೇ ಕ್ಲಾಸಿನ ನನ್ನ ಮಗಳಿಗೆ ಓದಲು ಬರುವುದಿಲ್ಲ ಎನ್ನುವುದು ಮಾತ್ರ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. "ಏಪ್ರಿಲ್ ಒಳಗೆ ಓದ್ಲಿಲ್ಲ ಅಂದ್ರೆ ವಾಪಸ್ ಎರಡನೇ ಕ್ಲಾಸು" ಎಂದು ಹೆಡ್‌ಮಿಸ್ ಖಡಾಖಂಡಿತವಾಗಿ ಹೇಳಿಬಿಟ್ಟರು.

೧. ಗುಡಿಸು

'ಕ'ಕ್ಕೆ ಗುಡಿಸು ಕೊಟ್ಟರೆ 'ಕಿ' ಎಂದು ನಾವೆಲ್ಲ ಕಾಗುಣಿತ ಕಲಿತವರೇ. ಮಿಸ್ ಬೋರ್ಡಿನ ಮೇಲೆ ಮೂರು ಅಕ್ಷರ ಬರೆದು ನನ್ನ ಮಗಳನ್ನು ಕರೆದು, "ಕ ಗುಡಿಸು, ಗ ಗುಡಿಸು, ಚ ಗುಡಿಸು" ಎಂದರಂತೆ. ಇವಳು ಡಸ್ಟರ್ ತೆಗೆದುಕೊಂಡು ಮೂರನ್ನೂ ನೀಟಾಗಿ ಗುಡಿಸಿಹಾಕಿದಳು.

ನಾನು ಅರ್ಧ ದಿನ ರಜೆ ಹಾಕಿ ಶಾಲೆಗೆ ಓಡಿದೆ. "ಬೇಕಂತಲೇ ಮಾಡ್ತಾಳೆ ಕಣ್ರೀ" ಎಂದು ಮಿಸ್ ಕೆಂಡವಾಗಿದ್ದರು.

ಮಗಳನ್ನು ಕೇಳಿದೆ. "ಗುಡಿಸು ಅಂದ್ರು, ಗುಡಿಸ್ದೆ. ಒರೆಸು ಅಂದಿದ್ರೆ ನೀರೂ ತರ್ತಿದ್ದೆ" ಎಂದಳು.

೨. ಕರೆಂಟು

ಒಂದು ಸಂಜೆ ನಾನು ಮುದ್ದೆ ತಿರುವುತ್ತಿದ್ದೆ. ಮಗಳು ಪುಸ್ತಕ ಹಿಡಿದು ಒಂದು ಪಾಠವನ್ನು ಗಡಗಡ ಓದುತ್ತಿದ್ದಳು. ನಮ್ಮ ಮನೆ ಓನರ್ ಅಜ್ಜಿ ಬೇಗೂರಿನ ಹಳೇ ಕಾಲದವರು. ಬಾಗಿಲಲ್ಲಿ ನಿಂತು, "ಏನ್ ಚೆಂದಾಗ್ ಓದ್ತಾವ್ಳೆ ಕಣವ್ವ! ಇಂಗೇ ಓದಿದ್ರೆ ಟೀಚರಮ್ಮ ಆಯ್ತಾಳೆ" ಎಂದರು. ನನ್ನ ಎದೆ ಉಬ್ಬಿತು.

ಅಷ್ಟರಲ್ಲಿ ಕರೆಂಟ್ ಹೋಯಿತು. ಓದು ಮಾತ್ರ ನಿಲ್ಲಲಿಲ್ಲ. ಕತ್ತಲಲ್ಲೇ ಹಾಳೆ ತಿರುಗಿಸಿದ ಸದ್ದೂ ಕೇಳಿಸಿತು.

ಗೆಳತಿಯ ಬಾಯಲ್ಲಿ ಎರಡು ಸಲ ಕೇಳಿ ಪೂರ್ತಿ ಬಾಯಿಪಾಠ ಮಾಡಿದ್ದಳು ಕಳ್ಳಿ. "ಕತ್ತಲಲ್ಲಿ ಅದೆಂಗೆ ಓದ್ತಿದ್ದೀಯೇ?" ಎಂದೆ.

"ನಂಗೆ ಲೈಟ್ ಇದ್ರೂ ಒಂದೇ, ಇಲ್ದಿದ್ರೂ ಒಂದೇ ಅಮ್ಮಾ."

ಅಜ್ಜಿ ನಕ್ಕು ನಕ್ಕು ಹೊಸ್ತಿಲ ಮೇಲೇ ಕುಳಿತರು. ನಾನೂ ನಕ್ಕೆ. ಆಮೇಲೆ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

೩. ಬಾಣ

ಶಾಲೆಗೆ ಹೊಸದಾಗಿ ಬಂದಿದ್ದ ಮಿಸ್ ಒಬ್ಬರು, "ಅವಳು ದಡ್ಡಿ ಅಲ್ಲ. ಅಕ್ಷರ ಹಿಡಿಯೋದು ಅವಳಿಗೆ ಕಷ್ಟ, ಅಷ್ಟೇ. ಒಂದೊಂದೇ ತೋರ್ಸಿ, ಅವಸರ ಮಾಡ್ಬೇಡಿ" ಎಂದರು. ಶರ್ಟಿನ ತಪ್ಪಿನ ಮೇಲೆ ನಾವು ಅಂಟಿಸುವ ಕೆಂಪು ಬಾಣದ ಸ್ಟಿಕರ್ ನೆನಪಾಯಿತು. ಸೂಪರ್‌ವೈಸರನ್ನು ಕೇಳಿ ಒಂದು ಹಾಳೆ ತಂದೆ. ದಿನಾ ಸಂಜೆ ಬಾಣ ಒಂದು ಅಕ್ಷರದ ಕೆಳಗೆ ನಿಲ್ಲುವುದು, ಅವಳು ಓದುವುದು, ಬಾಣ ಮುಂದಕ್ಕೆ ಹೋಗುವುದು. ಡ ಮತ್ತು ದ ನಮ್ಮಿಬ್ಬರ ಜೀವ ತಿಂದವು. ಒಂದು ಸಾಲಿಗೆ ಕಾಲು ಗಂಟೆ ಹಿಡಿಯುತ್ತಿತ್ತು.

ಏಪ್ರಿಲ್ ಬಂತು. ಹೆಡ್‌ಮಿಸ್ ನಮ್ಮಿಬ್ಬರನ್ನೂ ವರಾಂಡಕ್ಕೆ ಕರೆದು, "ಪುಸ್ತಕ ಬೇಡ, ಬಾಯಿಪಾಠ ಮಾಡಿರ್ತಾಳೆ. ಈ ಬೋರ್ಡ್ ಓದು" ಎಂದು ಗೋಡೆ ತೋರಿಸಿದರು. ಮಕ್ಕಳು ಓಡಿ ಬೀಳದಿರಲಿ ಎಂದು ಅವರೇ ಬರೆಸಿ ಹಾಕಿದ್ದ ಬೋರ್ಡದು.

ಮಗಳು ಬೆರಳಿಟ್ಟು ಹೊರಟಳು. "ಮ... ಕ್ಕ... ಳು... ಇ... ಲ್ಲಿ... ಓ... ದ... ಬಾ... ರ... ದು."

"ನೋಡಿದ್ರಾ? ಓಡಬಾರದು ಅಂತಿದೆ! ಇನ್ನೂ ಡ, ದ ಗೊತ್ತಿಲ್ಲ ಇವ್ಳಿಗೆ!"

ಮಗಳು ಮಾತ್ರ ಕದಲಲಿಲ್ಲ. ಜೇಬಿನಿಂದ ಕೆಂಪು ಬಾಣ ತೆಗೆದು, ತುದಿಗಾಲಲ್ಲಿ ನಿಂತು ಆ ಅಕ್ಷರದ ಕೆಳಗೆ ಅಂಟಿಸಿದಳು. "ದ, ಮಿಸ್."

ಹತ್ತಿರ ಹೋಗಿ ನೋಡಿದೆ. ನಿಜವಾಗಿಯೂ ದ! ಪೇಂಟರ್ ಮಹಾಶಯ 'ಮಕ್ಕಳು ಇಲ್ಲಿ ಓದಬಾರದು' ಎಂದು ಬರೆದು ಹೋಗಿ ಮೂರು ವರ್ಷವಾಗಿತ್ತು. ಅಷ್ಟೂ ವರ್ಷ ನಾವು ಓದು ಬಲ್ಲವರೆಲ್ಲ ಓಡಬಾರದು ಎಂದೇ ಓದಿಕೊಂಡು ಓಡಾಡಿದ್ದೆವು.

ಹೆಡ್‌ಮಿಸ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಗಲೂ ಅದು ದ. ಒಳಗೆ ಹೋಗಿ ನಾಲ್ಕನೇ ಕ್ಲಾಸಿನ ಚೀಟಿಗೆ ಸಹಿ ಹಾಕಿ ತಂದರು. ನಗು ತಡೆದುಕೊಂಡು ಕೇಳಿದರು: "ಮೂರು ವರ್ಷದಿಂದ ದಿನಾ ನೋಡ್ತಿದ್ದೀಯಲ್ಲೇ, ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಓದಬಾರದು ಅಂತ ಬರ್ದಿತ್ತಲ್ಲ ಮಿಸ್, ಅದಕ್ಕೇ ಓದ್ಲಿಲ್ಲ!"