ಐವತ್ತನೇ ಲೆವೆಲ್ಲಿನ ಹೆಬ್ಬಾತು

ಬೊಗುಮಿಲ್ ಆ ದಿನ ಬೆಳಿಗ್ಗೆ ಹಾಕಿದ್ದು ಒಂದೇ ಒಂದು ಟಿಕ್ಕು. ಅದಕ್ಕೆ ಸಂಜೆಯೊಳಗೆ ಅವನು ಪಟ್ಟ ಪಾಡು ಮಾತ್ರ ನಾಯಿಗೂ ಬೇಡ.

ಅವನ ಕೆಲಸವೇ ಅಂಥದ್ದು. ಲುಬ್ಲಿನ್ ಊರಿನಲ್ಲಿ ಒಂದು ಚಪ್ಪಲಿ ಅಂಗಡಿಯ ಮಹಡಿ ಮೇಲೆ ಕೆಲವು ಜನ ಸೇರಿಕೊಂಡು 'ಏಳು ಕಾಡು' ಎಂಬ ಕಂಪ್ಯೂಟರ್ ಆಟ ಕಟ್ಟುತ್ತಿದ್ದರು. ಹಳ್ಳಿಹೈದನೊಬ್ಬ ಕತ್ತಿ ಹಿಡಿದು ಮನೆ ಬಿಡುತ್ತಾನೆ. ಮನಸ್ಸು ಬಂದ ಕಡೆ ಅಲೆಯುತ್ತಾನೆ. ತೋಳ ಹೊಡೆದು, ದೆವ್ವ ಓಡಿಸಿ, ಒಂದೊಂದೇ ಲೆವೆಲ್ ಏರಿ, ಬಲಿತು, ಕೊನೆಗೆ ಡ್ರ್ಯಾಗನ್ನಿನ ಮುಂದೆ ತೊಡೆ ತಟ್ಟುತ್ತಾನೆ. ಆಡುವವನಿಗೆ ಅಳುವೂ ಬರಬಾರದು, ಆಕಳಿಕೆಯೂ ಬರಬಾರದು. ಹಾಗೆ ಯಾರಿಗೆ ಎಷ್ಟು ಬಲ ಇರಬೇಕು ಎಂದು ತೂಗಿಡುವವನು ಬೊಗುಮಿಲ್. ತಕ್ಕಡಿ ಹಿಡಿದವನ ಮೇಲೆ ಎಲ್ಲರಿಗೂ ಅನುಮಾನ ಇದ್ದೇ ಇರುತ್ತದೆ.

ಅಂದು ಕ್ರೈಸ್ತರ ಲೆಂಟ್ ಉಪವಾಸ ಶುರುವಾಗುವ ಮುಂಚಿನ ಕೊನೆಯ ಗುರುವಾರ. ಆ ದಿನ ಪೋಲೆಂಡಿನಲ್ಲಿ ಯಾರೂ ಹೊಟ್ಟೆಯ ಮಾತು ಮೀರುವುದಿಲ್ಲ. ಗುಲಾಬಿ ಜಾಮು ತುಂಬಿ ಕರಿದ ಪೊಂಚ್ಕಿ ಉಂಡೆ ಒಂದಾದರೂ ತಿನ್ನದಿದ್ದರೆ ವರ್ಷವಿಡೀ ಶನಿ ಹೆಗಲೇರುತ್ತಾನೆ ಎಂದು ನಂಬಿಕೆ. ಬೆಳಕು ಹರಿಯುವ ಮೊದಲೇ ಬೇಕರಿಗಳ ಮುಂದೆ ಸಾಲು. ಕಚೇರಿಯಿಂದ ಒಬ್ಬರು ಹೋಗಿ ನಿಲ್ಲಲೇಬೇಕು. ಪ್ರತಿ ವರ್ಷ ಬೊಗುಮಿಲ್ ಹೋಗುತ್ತಿದ್ದ. ಈ ಸಲ ಯಜಮಾನತಿ ಗ್ರಜಿನಾ ತಡೆದಳು.

"ನೀನು ಅಲ್ಲಾಡ್ಬೇಡ. ಮಧ್ಯಾಹ್ನ ವಾರ್ಸಾದಿಂದ ಲುತ್ಸಿನಾ ಮೇಡಂ ಬರ್ತಾರೆ. ನಮ್ಮ ಆಟ ಮಾರುಕಟ್ಟೆಗೆ ಬರೋದೋ ಬೇಡ್ವೋ ಅವರ ಕೈಲಿದೆ. ಅವರೇ ಕೂತು ಆಡ್ತಾರಂತೆ. ಮೊದಲನೇ ಹಳ್ಳಿ ದಾಟಿ, ಸೇತುವೆ ಆಚೆ ಇರೋ ಕಾಡು ನೋಡಿದ್ರೆ ಸಾಕು."

"ನೋಡ್ತಾರೆ ಬಿಡಿ," ಎಂದ ಬೊಗುಮಿಲ್.

"ಸೇತುವೆ ದಾಟಲಿಲ್ವೋ, ನಾಳೆಯಿಂದ ನಿನ್ನ ಕುರ್ಚಿ ತಿಮೋನ್‌ಗೆ. ಈಗ್ಲೇ ಹೇಳಿದೀನಿ."

ಎದುರು ಮೇಜಿನ ತಿಮೋನ್ ತಲೆ ತಗ್ಗಿಸಿ ಸ್ಕಾರ್ಫ್ ಸುತ್ತಿಕೊಂಡ. ಬೊಗುಮಿಲನಿಗೆ ಸಹಾಯಕ ಅವನು. ಯಾರ ತಂಟೆಗೂ ಹೋಗದ ಮನುಷ್ಯ. ಇನ್ನೊಬ್ಬರ ಕುರ್ಚಿ ಬೇಕೆಂದು ಅವನಿಗೆ ಕನಸಲ್ಲೂ ಅನ್ನಿಸಿದ್ದಿಲ್ಲ. ಅಂಥವನ ಮೇಲೆ ಕೋಪ ಮಾಡಿಕೊಳ್ಳುವುದು ಇನ್ನೂ ಕಷ್ಟ.

"ಸಾಲಿಗೆ ನಾನು ಹೋಗ್ತೀನಿ ಗುರುವೇ. ನಿಂಗೊಂದು ಎತ್ತಿಟ್ಟಿರ್ತೀನಿ. ನಾನ್ ಬರೋವರ್ಗೂ ಏನೂ ಕೆದಕ್ಬೇಡ," ಎಂದು ತಿಮೋನ್ ಮೆಟ್ಟಿಲಿಳಿದು ಹೋದ.

ಕೆದಕದೆ ಇರಲು ಬಿಡುವವರು ಯಾರು? ಡ್ರ್ಯಾಗನ್ನಿನ ಚಿತ್ರ ಬರೆದ ಗಡ್ಡದ ವಿತೋಲ್ದ್ ಬಂದು ಮೇಜು ಗುದ್ದಿದ.

"ಒಂದೊಂದು ಪೊರೆನೂ ಕೈಯಲ್ಲಿ ಬರ್ದಿದೀನಿ ಕಣೋ! ನಿನ್ನೆ ಒಬ್ಬ ಊರೆಲ್ಲಾ ಸುತ್ತಿ ಬಲಿತು ಬಂದು, ನನ್ನ ಡ್ರ್ಯಾಗನ್ನನ್ನ ಸಾರಿನ ಸೌಟಲ್ಲಿ ಹೊಡ್ದು ಸಾಯ್ಸಿದ. ಸೌಟಲ್ಲಿ! ನಿಂಗೆ ಹೊಟ್ಟೆ ಉರಿಯಲ್ವಾ?"

ಅವನ ಹಿಂದೆಯೇ ಕತೆ, ಸಂಭಾಷಣೆ ಬರೆಯುವ ಕಿಂಗಾ.

"ಡ್ರ್ಯಾಗನ್ ಕತೆ ಆಮೇಲಿರ್ಲಿ. ಸೇತುವೆ ಹತ್ರ ನಿಲ್ಸಿರೋ ನನ್ನ ಅಜ್ಜಿ ಬಾಯಿ ತೆಗೆಯೋದ್ರೊಳಗೆ ಹೊಸಬರನ್ನ ತೋಳ ತಿಂದು ಮುಗ್ಸಿರುತ್ತೆ. ಅಷ್ಟು ಚೆಂದ ಬರ್ದಿರೋ ಮಾತು ಕೇಳೋರೇ ಗತಿ ಇಲ್ಲ. ತೋಳದ ಬಲ ಇಳಿಸು."

"ಏರಿಸು!"

"ಇಳಿಸು ಅಂದೆ!"

ಬೊಗುಮಿಲ್ ಎರಡೂ ಕಿವಿ ಮುಚ್ಚಿಕೊಂಡು ಒಂದು ಉಪಾಯ ಹೂಡಿದ. ಆಡುವವನು ಬೆಳೆದಂತೆ ಎದುರಾಳಿಯೂ ಬೆಳೆಯಲಿ. ಒಂದನೇ ಲೆವೆಲ್ಲಿನ ಹೈದನಿಗೆ ಒಂದನೇ ಲೆವೆಲ್ಲಿನ ಬಡಕಲು ತೋಳ. ಐವತ್ತನೇ ಲೆವೆಲ್ಲಿನ ಶೂರನಿಗೆ ಅದೇ ತೂಕದ ಡ್ರ್ಯಾಗನ್. ಇಬ್ಬರ ಬಾಯಿಯೂ ಮುಚ್ಚುತ್ತದೆ. ಪರದೆಯ ಮೇಲೆ ಎರಡು ಚೌಕ ಇದ್ದವು. ಮೇಲಿನದರ ಪಕ್ಕ 'ಕಚ್ಚುವ ಮೃಗಗಳು' ಎಂದಿತ್ತು, ಕೆಳಗಿನದರ ಪಕ್ಕ 'ಉಸಿರಾಡುವ ಎಲ್ಲವೂ'. ಆ ಕಿವಿಯಲ್ಲಿ ಸೌಟು, ಈ ಕಿವಿಯಲ್ಲಿ ಅಜ್ಜಿ. ಬೊಗುಮಿಲ್ ನೋಡದೆ ಕೆಳಗಿನದಕ್ಕೆ ಟಿಕ್ ಹಾಕಿದ.

ಕಿಂಗಾ ಕೂತು ಒಂದನೇ ಲೆವೆಲ್ಲಿನಿಂದ ಆಡಿ ನೋಡಿದಳು. ಬಡಕಲು ತೋಳ ಎರಡು ಏಟಿಗೆ ಬಾಲ ಮುದುರಿತು. ಸೇತುವೆ ಬಳಿ ಅಜ್ಜಿ ನಿಂತಿದ್ದಳು. ಅವಳಿಗೆ ನಮಸ್ಕಾರ ಹೇಳಿದರೆ ಬೆನ್ನು ತಟ್ಟಿ ಹರಸುತ್ತಾಳೆ. ಹೇಳದೆ ನುಗ್ಗಿದರೆ ಅವಳ ಹೆಬ್ಬಾತು ಪೆಲಾಗಿಯಾ ಬಂದು ಹಿಂಬದಿಗೆ ಒಂದು ಕುಟುಕು ಕೊಡುತ್ತದೆ. ಇದು ಕಿಂಗಾ ಸೇರಿಸಿದ್ದ ತಮಾಷೆ. ಅಂದೂ ಅಜ್ಜಿ ತಟ್ಟಿದಳು, ಬಾತು 'ಕ್ವಾಂಕ್' ಎಂದಿತು, ಎಲ್ಲ ಸರಿ ಹೋಯಿತು. ಬೊಗುಮಿಲ್ ನಿಟ್ಟುಸಿರು ಬಿಟ್ಟ.

ಅಷ್ಟಕ್ಕೇ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ವಿತೋಲ್ದ್ ಗಡ್ಡ ಕೆರೆದುಕೊಳ್ಳುತ್ತ ಒಂದು ಹುಳ ಬಿಟ್ಟ.

"ಅಲ್ಲ ಕಣೋ, ಮೇಡಂಗೆ ವಯಸ್ಸಾಗಿದೆ. ಬರೀ ಕಾಗದಪತ್ರ ನೋಡೋರು. ಇಂಥ ಆಟನೆಲ್ಲಾ ಆಡಿರ್ತಾರಾ? ಒಂದನೇ ಲೆವೆಲ್ಲಿನ ತೋಳ ಇದ್ಯಲ್ಲ, ಅದೇ ಸಾಕು ಅವರನ್ನ ಮುಗ್ಸೋಕೆ. ನಿನ್ನ ಕುರ್ಚಿನೂ ಅದರ ಹೊಟ್ಟೆಗೇ."

ಎಲ್ಲರೂ ಊಟಕ್ಕೆ ಎದ್ದಾಗ ಬೊಗುಮಿಲ್ ಒಬ್ಬನೇ ಉಳಿದ. ಹಳ್ಳಿಯಿಂದ ತೋಳಗಳನ್ನೆಲ್ಲ ಒಂದೂ ಬಿಡದೆ ಓಡಿಸಿದ. ಆದರೂ ಧೈರ್ಯ ಸಾಲಲಿಲ್ಲ. ಮೇಡಂಗಾಗಿ ತಯಾರಿಟ್ಟ ಹೈದನಿಗೆ ಚಿನ್ನದ ಕವಚ ತೊಡಿಸಿ, ಸದ್ದಿಲ್ಲದೆ ಐವತ್ತನೇ ಲೆವೆಲ್ಲಿಗೆ ಏರಿಸಿ ಕೂರಿಸಿದ. ಹಳ್ಳಿಯಲ್ಲಿ ಈಗ ಉಳಿದದ್ದು ಒಬ್ಬ ಅಜ್ಜಿ, ಒಂದು ಬಾತು. ಐವತ್ತನೇ ಲೆವೆಲ್ಲಿನ ಶೂರನಿಗೆ ಇವರೊಂದು ಲೆಕ್ಕವೇ? ಬಾತೂ ಉಸಿರಾಡುತ್ತದೆ ಎನ್ನುವುದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಲುತ್ಸಿನಾ ಮೇಡಂ ಬಂದರು. ಬೂದು ಕೋಟು, ಬೂದು ಕೂದಲು. ಮುಖದಲ್ಲಿ ನಗು ಹುಡುಕಬೇಕೆಂದರೆ ದೀಪ ಹಚ್ಚಬೇಕು. ಗೋಡೆಯ ದೊಡ್ಡ ಪರದೆಯ ಮುಂದೆ ಕೂತು ಆಟದ ಜಾಯ್‌ಸ್ಟಿಕ್ ಕೋಲು ಕೈಗೆತ್ತಿಕೊಂಡರು. ಚಿನ್ನದ ಹೈದ ಥಳಥಳ ಹೊಳೆಯುತ್ತ ಹಳ್ಳಿಬೀದಿಯಲ್ಲಿ ನಡೆದ. ಅಜ್ಜಿಯನ್ನು ತಿರುಗಿಯೂ ನೋಡದೆ ಸೇತುವೆಗೆ ಕಾಲಿಟ್ಟ.

"ವಾರ್ಸಾದೋರು ಯಾರಿಗೆ ತಾನೆ ನಮಸ್ಕಾರ ಹೇಳ್ತಾರೆ?" ಎಂದು ಕಿಂಗಾ ಪಿಸುಗುಟ್ಟಿದಳು.

ಪೆಲಾಗಿಯಾ ಸೊಂಟ ಕುಣಿಸುತ್ತ ಬಂದಿತು. ಕತ್ತು ಚಾಚಿತು. ಒಂದು ಕುಟುಕು.

ಹೈದ ಹಾರಿದ. ಸೇತುವೆಯ ಮೇಲಿಂದ, ಹೊಳೆಯ ಮೇಲಿಂದ, ಇಗರ್ಜಿಯ ಗಂಟೆಗೋಪುರದ ಮೇಲಿಂದ ಹಾರಿ, ಆಚೆ ಗುಡ್ಡಕ್ಕೆ ಬಡಿದು ಸತ್ತ. ಚಿನ್ನದ ಕವಚದ ಚೂರುಗಳು ಒಂದೊಂದಾಗಿ ಹೊಳೆಗೆ ಬಿದ್ದವು.

ಗ್ರಜಿನಾಳ ಕೈಯಲ್ಲಿದ್ದ ಚಹಾ ವಾಲಿ ಅವಳ ಬೂಟಿಗೆ ಸುರಿಯುತ್ತಿತ್ತು, ಅವಳಿಗೆ ಪರಿವೆಯೇ ಇಲ್ಲ. ವಿತೋಲ್ದ್ ಬಾಯಿ ತೆರೆದದ್ದು ಹಾಗೇ ಇತ್ತು. ಬೊಗುಮಿಲನಿಗೆ ಬೆಳಗಿನ ಟಿಕ್ಕು ನೆನಪಾಯಿತು. ಅಯ್ಯಯ್ಯೋ ದೇವರೇ, ಬಾತೂ ಉಸಿರಾಡುತ್ತದಲ್ಲ!

ಮೇಡಂ ಮತ್ತೆ ಆಡಿದರು. ಈ ಸಲ ಕತ್ತಿ ಹಿರಿದು ನುಗ್ಗಿದರು. ಪೆಲಾಗಿಯಾ ಕತ್ತಿಯನ್ನೂ ಕುಟುಕಿತು, ಕತ್ತಿ ಹಿಡಿದವನನ್ನೂ ಕುಟುಕಿತು. ಗಂಟೆಗೋಪುರದ ಮೇಲೆ ಹೈದ ಮತ್ತೊಮ್ಮೆ ಹಾರಿದ. ಓಡಿ ನೋಡಿದರು, ಬಾತು ಇನ್ನೂ ಜೋರಾಗಿ ಓಡಿತು. ಈಜಿ ನೋಡಿದರು, ಬಾತಿಗೆ ಈಜು ಕಲಿಸಬೇಕೇ?

"ಮೇಡಂ... ಅಜ್ಜಿಗೊಂದು ನಮಸ್ಕಾರ ಹೇಳಿ. ಆಗ ಬಾತು ಸುಮ್ನಿರುತ್ತೆ," ಎಂದಳು ಕಿಂಗಾ, ತಡೆಯಲಾರದೆ.

ಮೇಡಂ ನಮಸ್ಕಾರ ಹೇಳಿದರು. ಅಜ್ಜಿಯ ಸುಕ್ಕು ಮುಖ ಅರಳಿತು. "ಚೆನ್ನಾಗಿ ಬಾಳು ಮಗನೇ!" ಎಂದು ಅಕ್ಕರೆಯಿಂದ ಬೆನ್ನು ತಟ್ಟಿದಳು. ಹೈದ ಮೊಳೆಯ ಹಾಗೆ ಕತ್ತಿನವರೆಗೆ ನೆಲದೊಳಗೆ ಇಳಿದು ಹೋದ.

"ಯೇಸುವೇ! ಆಶೀರ್ವಾದ ಮಾಡಿ ಕೊಂದ್ಲು!" ಎಂದು ವಿತೋಲ್ದ್ ಚೀರಿದ.

ಗ್ರಜಿನಾ ತಿರುಗಿದಳು. ದನಿ ಎತ್ತರಿಸಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು.

"ಇದನ್ನ ಮಾಡಿದ್ದು ಯಾರು?"

ವಿತೋಲ್ದ್ ನೆಲ ನೋಡಿದ. ಕಿಂಗಾ ಕಿಟಕಿ ನೋಡಿದಳು. ಆಮೇಲೆ ಇಬ್ಬರೂ ಬೊಗುಮಿಲನನ್ನು ನೋಡಿದರು. ಮೇಡಂ ಕೂಡ ಆಟ ನಿಲ್ಲಿಸಿ ಈ ಕಡೆ ತಿರುಗಿದರು. ಬೊಗುಮಿಲನ ಕಣ್ಣ ಮುಂದೆ ತನ್ನ ಕುರ್ಚಿ, ಕಿಟಕಿ ಪಕ್ಕದ ಆ ಒಳ್ಳೆಯ ಕುರ್ಚಿ, ಗಾಲಿ ಉರುಳಿಸಿಕೊಂಡು ದೂರ ಹೋಗುತ್ತಿತ್ತು. ಸಾಯುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅವನ ಬಾಯಿಂದ ಮಾತು ತಾನಾಗಿ ಜಾರಿತು.

"ನಮ್ಮಮ್ಮನಾಣೆ, ಆ ಬಾತನ್ನ ನಾನು ಮುಟ್ಟಿಲ್ಲ! ತಿಮೋನ್ ಮಾಡಿರ್ಬೇಕು. ಬಾತು, ಕೋಳಿ ಕೆಲಸ ಎಲ್ಲಾ ಅವನದೇ. ನಂಗೂ ಅದಕ್ಕೂ ಸಂಬಂಧವೇ ಇಲ್ಲ!"

ಬೆಳಿಗ್ಗೆ ತಾವೂ ಕೈಯಾಡಿಸಿದ್ದೇವೆ ಎಂದು ಅಳುಕುತ್ತಿದ್ದ ಇಬ್ಬರಿಗೂ ಇದು ಕೇಳಿ ಹಾಲು ಕುಡಿದಂತಾಯಿತು. "ಹೌದೌದು, ತಿಮೋನೇ," ಎಂದ ವಿತೋಲ್ದ್. "ತಿಮೋನ್ ಬಿಟ್ರೆ ಇನ್ಯಾರು?" ಎಂದಳು ಕಿಂಗಾ. ಪಾಪ, ತಿಮೋನ್ ಎಲ್ಲೋ ಹಿಮದಲ್ಲಿ ಕಾಲು ಬದಲಿಸುತ್ತ ಸಾಲಿನಲ್ಲಿ ನಿಂತಿದ್ದ.

"ಕ್ಷಮಿಸಿ ಮೇಡಂ, ಆಟ ನಿಲ್ಲಿಸ್ತೀವಿ," ಎಂದು ಗ್ರಜಿನಾ ಕೈ ಚಾಚಿದಳು.

"ಕೈ ತೆಗೀರಿ!"

ಎಲ್ಲರೂ ಬೆಚ್ಚಿದರು. ಲುತ್ಸಿನಾ ಮೇಡಂ ಎದ್ದು ಕೋಟು ಬಿಚ್ಚಿ ಎಸೆದರು. ಅಂಗಿಯ ತೋಳು ಮಡಚಿದರು. ಉಂಗುರ ತೆಗೆದು ಬೊಗುಮಿಲನ ಕೈಗಿಟ್ಟರು. "ಒಂದು ಬಾತಿಗೆ ನಾನು ಸೋಲೋದಾ?" ಎಂದು ಹಲ್ಲು ಕಡಿದರು.

ಸತ್ತರು. ಮತ್ತೆ ಸತ್ತರು. ಕಿಟಕಿಯಾಚೆ ಬೀದಿದೀಪ ಹತ್ತಿತು. ಸಾಯುತ್ತ ಸಾಯುತ್ತ ಅವರ ಕೆನ್ನೆಗೆ ರಂಗು ಏರಿತು, ಬಾಯಿಂದ ಬರಬಾರದ ಮಾತುಗಳು ಬಂದವು. ಕೊನೆಗೊಮ್ಮೆ ಕೋಲು ಹಿಡಿದ ಕೈ ನಿಂತಿತು. ಕಣ್ಣು ಕಿರಿದಾಯಿತು. ಹೈದ ಸೇತುವೆಗೆ ಕಾಲಿಟ್ಟು ಬಾತನ್ನು ಕೆಣಕಿದ, ಬಾತು ಅಟ್ಟಿಸಿಕೊಂಡು ಬಂತು, ಅವನು ನೆಟ್ಟಗೆ ಅಜ್ಜಿಯ ಕಡೆ ಓಡಿ, "ನಮಸ್ಕಾರ ಅಜ್ಜೀ!" ಎಂದು, ತಟಕ್ಕನೆ ಪಕ್ಕಕ್ಕೆ ಸರಿದ. ಅಜ್ಜಿ ಹರಸಲು ಎತ್ತಿದ ಕೈ ಪೆಲಾಗಿಯಾಳ ಬೆನ್ನಿಗೆ ಬಿತ್ತು. ಬಾತು ಗಂಟೆಗೋಪುರ ದಾಟಿ ಹೋಯಿತು.

ಮೇಡಂ ಕುರ್ಚಿಯ ಮೇಲೆ ಹತ್ತಿ ನಿಂತರು. ಕೂಗಿದರು, ನಕ್ಕರು, ಕಣ್ಣೊರೆಸಿಕೊಂಡರು. ಕೆಳಗಿನ ಚಪ್ಪಲಿ ಅಂಗಡಿಯವನು ಗಾಬರಿಯಾಗಿ ಮಹಡಿಗೆ ಪೊರಕೆ ಹಿಡಿಯಿಂದ ಕುಟ್ಟಿದ. ಹೈದ ಸೇತುವೆ ದಾಟಿದ, ಕಾಡು ಕಂಡಿತು.

"ಈ ಕೆಲಸಕ್ಕೆ ಸೇರಿದಾಗಿನಿಂದ ಆಟ ಅಂದ್ರೆ ನಂಗೆ ನಿದ್ದೆ," ಎಂದರು ಏದುಸಿರಿನಲ್ಲಿ. "ಇವತ್ತು ಒಂದು ಬಾತು ನನ್ನ ಎಬ್ಬಿಸ್ತು. ಈ ಆಟ ನಮ್ಗೇ ಬೇಕು, ಗ್ರಜಿನಾ. ಒಂದೇ ಷರತ್ತು. ಆ ಬಾತು ಮಾಡಿದೋನೇ ಇನ್ಮೇಲೆ ಇಡೀ ಆಟದ ತೂಕ ನೋಡ್ಬೇಕು. ಅವನ ಕೈ ಕೆಳಗೆ ಎಲ್ಲರೂ."

ಸರಿಯಾಗಿ ಆಗಲೇ ಬಾಗಿಲು ತೆರೆಯಿತು. ಟೊಪ್ಪಿಗೆಯ ಮೇಲೆ ಹಿಮ, ಮೂಗಿನ ಮೇಲೆ ಸಕ್ಕರೆ ಪುಡಿ, ಕೈ ತುಂಬ ಪೊಂಚ್ಕಿ ಡಬ್ಬಿಗಳು. ತಿಮೋನ್ ನಿಂತಿದ್ದ.

ಎಲ್ಲರೂ ಚಪ್ಪಾಳೆ ತಟ್ಟಿದರು. ಡಬ್ಬಿ ಕೆಳಗೆ ಬೀಳುವುದೊಂದು ಬಾಕಿ.

"ಆ ಬಾತು ಅದ್ಭುತ ಕಣಪ್ಪಾ!" ಎಂದು ಮೇಡಂ ಅವನ ಕೈ ಹಿಡಿದು ಕುಲುಕಿದರು.

"ಯಾವ ಬಾತು?" ಎಂದ ತಿಮೋನ್.

"ನೋಡಿ, ನೋಡಿ! ಎಂಥ ವಿನಯ!" ಎಂದರು ಮೇಡಂ.

ಬೊಗುಮಿಲನಿಗೆ ಇನ್ನು ತಡೆಯಲಾಗಲಿಲ್ಲ. "ಅದು ನಂದು! ಬಾತು ನಂದು! ಟಿಕ್ ಹಾಕಿದ್ದು ನಾನು! ಅವನು ಬೆಳಿಗ್ಗೆಯಿಂದ ಬೇಕರಿ ಮುಂದೆ ನಿಂತಿದ್ದ!" ಎಂದು ಕಿರುಚಿದ.

ಗ್ರಜಿನಾ ಹೇಸಿಗೆ ತುಳಿದವಳಂತೆ ಅವನನ್ನು ನೋಡಿದಳು.

"ಈಗ ತಾನೆ ನಿಮ್ಮಮ್ಮನ ಮೇಲೆ ಆಣೆ ಇಟ್ಟೆಯಲ್ಲೋ! ಸ್ನೇಹಿತನಿಗೆ ಒಂದು ಒಳ್ಳೇ ಹೆಸರು ಬಂದ್ರೆ ಸಹಿಸ್ಕೊಳ್ಳೋಕಾಗಲ್ವಾ? ಥೂ."

ವಿತೋಲ್ದ್, ಕಿಂಗಾ ಇಬ್ಬರೂ ಡಬ್ಬಿಯೊಳಗೆ ಮುಖ ಹುದುಗಿಸಿದ್ದರು. ತುಂಬಿದ ಬಾಯಲ್ಲಿ ಸಾಕ್ಷಿ ಹೇಳುವವರು ಯಾರು? ಮೇಡಂ ಬೊಗುಮಿಲನ ಕೈಯಿಂದ ಉಂಗುರ ಕಿತ್ತುಕೊಂಡು, ಎಣಿಸುವವರ ಹಾಗೆ ತಮ್ಮ ಬೆರಳುಗಳನ್ನೂ ಒಮ್ಮೆ ನೋಡಿಕೊಂಡರು.

ಹೀಗೆ ಮೇಡಂ ಸೇತುವೆ ದಾಟಿದ ಮೇಲೂ ಕಿಟಕಿ ಪಕ್ಕದ ಕುರ್ಚಿ ತಿಮೋನ್‌ಗೇ ಹೋಯಿತು. ಬೊಗುಮಿಲನಿಗೆ ಎದುರುಗಡೆಯ, ಒಂದು ಗಾಲಿ ಇಲ್ಲದ ಕುರ್ಚಿ. ಅವನು ಅದರಲ್ಲಿ ವಾಲಿಕೊಂಡು ಗರ ಬಡಿದವನಂತೆ ಕೂತಿದ್ದಾಗ ತಿಮೋನ್ ಮೆಲ್ಲಗೆ ಬಂದ. ಕಾಗದದಲ್ಲಿ ಸುತ್ತಿದ ಪೊಂಚ್ಕಿಯೊಂದನ್ನು ಜೇಬಿನಿಂದ ತೆಗೆದು ಕೊಟ್ಟ.

"ನಿಂಗೆ ಅಂತ ಎತ್ತಿಟ್ಟಿದ್ದೆ. ತಿನ್ನು, ಇಲ್ದಿದ್ರೆ ವರ್ಷ ಪೂರ್ತಿ ಕೆಟ್ಟದಾಗುತ್ತೆ."

ಬೊಗುಮಿಲ್ ಕಚ್ಚಿದ. ಜಾಮು ಅಂಗಿಯ ಮೇಲೆ ಸುರಿಯಿತು. ತಿಮೋನ್ ಅತ್ತ ಇತ್ತ ನೋಡಿ, ಹೊಸ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಕಿವಿಯ ಬಳಿ ಬಗ್ಗಿ ಕೇಳಿದ:

"ಗುರುವೇ, ನಾಳೆಯಿಂದ ಊರಲ್ಲಿರೋ ಹಸು, ಕುರಿ, ಕೋಳಿ ಎಲ್ಲಾ ಅದೇ ಥರ ಇರ್ಬೇಕಂತೆ. ಆ ಬಾತನ್ನ ನಾನು ಹೇಗ್ ಮಾಡ್ದೆ ಅಂತ ಸ್ವಲ್ಪ ಹೇಳ್ಕೊಡೋ."