ಬೀದರಿಗೆ ಹೊರಟ ಸೂಟ್‌ಕೇಸು

ಅಮರೇಶಪ್ಪ ಆವತ್ತು ಮಾಡಿದ ತಪ್ಪು ಒಂದೇ. ಕರೆಂಟು ಹೋಗಿ ಫ್ಯಾನು ನಿಂತಿತೆಂದು ಬಾಗಿಲು ತೆರೆದಿಟ್ಟುಕೊಂಡು ಸೂಟ್‌ಕೇಸು ತುಂಬಿದ.

ತೆಲುಗು ಸೀಮೆಯ ಲಿಂಗಂಪಲ್ಲಿಯ ಆ ಕನ್ನಡಿಗರ ವಠಾರದಲ್ಲಿ ಬಾಗಿಲು ತೆರೆದಿಡುವುದೂ ಡಂಗುರ ಹೊಡೆಸುವುದೂ ಒಂದೇ. ಅದು ಅವನಿಗೆ ಗೊತ್ತಿತ್ತು. ಆದರೆ ಮೇ ತಿಂಗಳ ಸೆಕೆ. ಮೇಲಾಗಿ ಕೈಯಲ್ಲಿದ್ದ ಕೆಲಸ ಅವನಿಗೆ ಪ್ರಾಣ. ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್ ಅವನು. ಅವನು ತುಂಬಿಸಿದ ಪೆಟ್ಟಿಗೆಯನ್ನು ಲಾರಿಯಿಂದ ಕೆಳಗೆ ಒಗೆದರೂ ಒಂದು ಸೀಸೆ ಇನ್ನೊಂದಕ್ಕೆ ತಾಗುವುದಿಲ್ಲವೆಂದು ಹೆಸರು. ಸಿಟ್ಟಿಗೂ ಅಷ್ಟೇ ಹೆಸರು. ಅದು ಸೀಮೆಎಣ್ಣೆ ಸ್ಟವ್ವಿನಂಥ ಸಿಟ್ಟು. ಪಂಪು ಹೊಡೆಯುವವರು ಸಿಕ್ಕರೆ ಸಾಕು, ಭುಸ್ಸೆನ್ನುತ್ತಿತ್ತು.

ಮಧ್ಯಾಹ್ನದ ರೈಲಿಗೆ ಬೀದರಿಗೆ ಹೊರಟಿದ್ದ. ಹೆಣ್ಣು ನೋಡುವುದಿತ್ತು. ಹೆಣ್ಣಿನ ಹೆಸರು ನಲಿನಿ. ಸೋದರತ್ತೆ ಕಳಿಸಿದ ಫೋಟೋ ನೋಡಿಯೇ ಅವನು ಒಪ್ಪಿಬಿಟ್ಟಿದ್ದ. ಹಿಂದೆ ಬಂದ ಸಂಬಂಧಗಳೆಲ್ಲ ‘ಹುಡುಗ ಭಾಳ ಸಿಟ್ಟಿನಾವ’ ಎಂಬ ಒಂದೇ ಮಾತಿಗೆ ಮುರಿದು ಬಿದ್ದಿದ್ದವು. ವಯಸ್ಸು ಮೂವತ್ತು ದಾಟಿ, ಕಿವಿಯ ಪಕ್ಕ ಬಿಳಿ ಕೂದಲು ಇಣುಕುತ್ತಿತ್ತು. ಹಾಗಾಗಿ ಈ ಸಲ ವಠಾರದಲ್ಲಿ ಯಾರಿಗೂ ಸುದ್ದಿ ಹೇಳಿರಲಿಲ್ಲ. ಇವತ್ತೊಂದು ದಿನ ಏನೇ ಆದರೂ ಸಿಟ್ಟಾಗಬಾರದೆಂದು ಬೆಳಿಗ್ಗೆ ದೇವರ ಮುಂದೆ ಕೈಮುಗಿದು ನಿಶ್ಚಯಿಸಿದ್ದ.

ತಳಕ್ಕೆ ಪ್ಯಾಂಟು, ಬೂಟಿನೊಳಗೆ ಕಾಲುಚೀಲ, ಮೂಲೆಗೆ ಸೋಪಿನ ಡಬ್ಬಿ, ಎಲ್ಲದರ ಮೇಲೆ ಇಸ್ತ್ರಿ ಮಾಡಿದ ಹೊಸ ಬಿಳಿ ಟೆರಿಕಾಟ್ ಶರ್ಟು. ಮುಚ್ಚಳ ಟಕ್ಕೆಂದು ಕೂತಿತು. ಎತ್ತಿ ಕುಲುಕಿದ. ಒಳಗೆ ಕಮಕ್ ಕಿಮಕ್ ಇಲ್ಲ. ಅವನು ತನ್ನಷ್ಟಕ್ಕೆ ನಕ್ಕ.

“ಎಲ್ಲಿಗೋ ಅಮರೇಶಾ, ಸೂಟ್‌ಕೇಸ್ ತುಂಬೀದಿ?”

ಬಾಗಿಲಲ್ಲಿ ಮನೆ ಒಡತಿ ಬಸಲಿಂಗಮ್ಮ ನಿಂತಿದ್ದಳು.

“ಇಲ್ಲೇ... ಬೀದರ್‌ಗೆ ರೀ ಅಮ್ಮಾ. ಅತ್ತಿ ಮನಿಗೆ.”

“ಅಯ್ಯ, ದೇವರs ಕಳಿಸಿದಂಗ ಆತು ನೋಡು! ನಮ್ಮ ಮಗಳು ಅಲ್ಲೇ ಇರೋದು.” ಹೋದವಳು ಕಂಕುಳಲ್ಲಿ ಕೂಸನ್ನು ಎತ್ತಿಕೊಂಡಂತೆ ಒಂದು ಭರಣಿ ಎತ್ತಿಕೊಂಡು ಬಂದಳು. “ಮಾವಿನಕಾಯಿ ಉಪ್ಪಿನಕಾಯಿ. ಬಸರಿ ಹುಡುಗಿ ಐತಿ, ಕೇಳ್ಯಾಳ. ಒಂದೀಟು ಜಾಗಾ ಮಾಡು.”

“ಅಮ್ಮಾ, ಜಾಗಾ ಇಲ್ರಿ. ಎಣ್ಣಿ ಸೋರಿದ್ರ...”

“ನನ್ನ ಭರಣಿ ಸೋರತೈತೇನು? ಬಾಡಗಿ ಏರಸ್ರಿ ಅಂತ ಎಲ್ಲಾರೂ ಹೇಳಿದ್ರೂ ನಾ ಏರಸಿಲ್ಲ ನಿನಗ.”

ಅಮರೇಶಪ್ಪ ಹಲ್ಲು ಕಚ್ಚಿದ. ಸೂಟ್‌ಕೇಸು ತೆರೆದ. ಬೂಟುಗಳು ಹೊರಬಂದವು, ಭರಣಿ ಒಳಹೋಯಿತು.

ಅಷ್ಟರಲ್ಲಿ ಮಹಡಿಯಿಂದ ರಾಘವೇಂದ್ರರಾಯರು ಇಳಿದು ಬಂದರು. ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಕಚೇರಿಯಲ್ಲಿ ಅವರ ಮಾತು ಕೇಳುವವರಿಲ್ಲದ್ದರಿಂದ ರವಿವಾರ ಪೂರ್ತಿ ವಠಾರಕ್ಕೆ ಸಲಹೆ ಕೊಡುತ್ತಿದ್ದರು.

“ಏನ್ರೀ ಅಮರೇಶಪ್ಪಾ, ಬಟ್ಟಿ ಮಡಚಿ ಇಟ್ಟೀರಿ? ಮಡಚಬಾರದು. ಸುರಳಿ ಸುತ್ತಬೇಕು. ಮಿಲಿಟ್ರಿಯಾಗ ಹಂಗs ಮಾಡ್ತಾರ.”

“ರಾಯರ, ನನ್ನ ದಂಧಾನೇ ಇದು. ನನಗ ಗೊತ್ತೈತ್ರಿ.”

“ಸೀಸೆ ತುಂಬೋದು ಬ್ಯಾರೆ, ಬಟ್ಟಿ ತುಂಬೋದು ಬ್ಯಾರೆ. ಸರೀರಿ ಸ್ವಲ್ಪ!”

ಅವನು ಬೇಡವೆನ್ನುವಷ್ಟರಲ್ಲಿ ಆ ಬಿಳಿ ಶರ್ಟು ರಾಯರ ಕೈಯಲ್ಲಿ ಚಕ್ಕುಲಿಯಂತೆ ಸುರುಳಿಯಾಯಿತು. ಉಳಿದ ಬಟ್ಟೆಗಳಿಗೂ ಅದೇ ಗತಿ. “ನೋಡ್ರಿ, ಎಷ್ಟ ಜಾಗಾ ಉಳೀತು!” ಎಂದವರೇ ಆ ಜಾಗವನ್ನೇ ತೋರಿಸಿ, “ಬೀದರ್‌ನ್ಯಾಗ ನಮ್ಮ ತಮ್ಮ ಇದ್ದಾನ. ವಕೀಲ. ಅವನ ಎರಡು ಪುಸ್ತಕ ನನ್ನ ಹತ್ತರ ಉಳದಾವ,” ಎಂದರು. ಆ ಪುಸ್ತಕ ಒಂದೊಂದೂ ರುಬ್ಬುವ ಗುಂಡಿನಷ್ಟು ತೂಕವಿತ್ತು.

ಅಮರೇಶಪ್ಪನ ಕಿವಿ ಕೆಂಪಾದವು. ನಲಿನಿಯ ಫೋಟೋ ನೆನೆದು ಉಗುಳು ನುಂಗಿದ.

ಪಕ್ಕದ ಮನೆಯ ಶಾರದಾಬಾಯಿ ಹಿಂದೆ ಬೀಳುವವಳೇ? “ನಮ್ಮ ತಂಗಿಗೆ ಇಡ್ಲಿ ಪಾತ್ರೆ ಕಳಸೋದಿತ್ತು,” ಎಂದು ಫಳಫಳಿಸುವ ಸ್ಟೀಲ್ ಪಾತ್ರೆ ತಂದಿಟ್ಟಳು.

“ಅಕ್ಕಾರ, ಇದು ಸೂಟ್‌ಕೇಸು. ಅಡಗಿ ಮನಿ ಅಲ್ಲ!”

“ಯಾಕ ಒದರತೀರಿ? ಪಾತ್ರೆ ಒಳಗ ಖಾಲೀನೇ ಐತಲ್ಲ. ಅದರಾಗ ನಿಮ್ಮ ಬಟ್ಟಿ ಹಿಡಸತಾವ.” ಎಲ್ಲರೆದುರು ಅವನ ಬನಿಯನ್, ಚಡ್ಡಿಗಳನ್ನು ಒಂದೊಂದಾಗಿ ಎತ್ತಿ ಇಡ್ಲಿ ತಟ್ಟೆಗಳ ನಡುವೆ ತುರುಕಿದಳು. ಬಸಲಿಂಗಮ್ಮ ಸೆರಗು ಬಾಯಿಗಿಟ್ಟು ನಕ್ಕಳು.

ಈಗ ಮುಚ್ಚಳ ಹಾಕಲು ಹೋದರೆ ಸೂಟ್‌ಕೇಸು ಮೊಸಳೆಯಂತೆ ಬಾಯಿ ತೆರೆದುಕೊಂಡೇ ಇತ್ತು. ರಾಯರು ಒತ್ತಿದರು. ಶಾರದಾಬಾಯಿ ಒತ್ತಿದಳು. ಕೊನೆಗೆ ಬಸಲಿಂಗಮ್ಮ, “ಸರೀರಿ, ನಾ ಕೂಡ್ರತೀನಿ,” ಎಂದು ತನ್ನ ಸಮಸ್ತ ಭಾರವನ್ನೂ ಅದರ ಮೇಲೆ ಇಳಿಸಿದಳು.

ಒಳಗೆ ‘ಫಟ್’ ಎಂದಿತು.

ಸೂಟ್‌ಕೇಸಿನ ಅಂಚಿನಿಂದ ಕೆಂಪು ಎಣ್ಣೆ ನಿಧಾನವಾಗಿ ನೆಲಕ್ಕೆ ಇಳಿಯಿತು. ಅಮರೇಶಪ್ಪ ಮುಚ್ಚಳ ತೆರೆದ. ಹೊಸ ಬಿಳಿ ಶರ್ಟು ಹೋಳಿ ಆಡಿ ಬಂದವರ ಹಾಗಿತ್ತು. ಕಾಲರಿನ ಮೇಲೆ ಒಂದು ಮಾವಿನ ಹೋಳು ಕೂತಿತ್ತು.

“ಅಯ್ಯೋ ನನ್ನ ಭರಣಿ!” ಎಂದಳು ಬಸಲಿಂಗಮ್ಮ. “ನಿನ್ನ ಪ್ಯಾಕಿಂಗಿಗೆ ಬೆಂಕಿ ಹಚ್ಚ!”

ಸ್ಟವ್ವು ಭುಸ್ಸೆಂದಿತು.

“ನನ್ನ ಪ್ಯಾಕಿಂಗಾ? ನನ್ನ ಪ್ಯಾಕಿಂಗ್ ಏನ್ರಿ? ಎದ್ದು ಹೋಗ್ರಿ ಎಲ್ಲಾರೂ! ನಾ ಮನುಷ್ಯಾನೋ ಪಾರ್ಸಲ್ ಆಫೀಸೋ?” ಪುಸ್ತಕಗಳು ಅಂಗಳಕ್ಕೆ ಹಾರಿದವು. ಇಡ್ಲಿ ಪಾತ್ರೆ ಢಣಢಣ ಉರುಳಿ ಗೇಟಿನ ತನಕ ಹೋಗಿ, ಅಲ್ಲಿ ನಿಂತಿದ್ದ ಒಬ್ಬ ಮುದುಕನ ಕಾಲಿಗೆ ತಾಗಿ ನಿಂತಿತು.

ಧೋತರ, ಕರಿ ಕೋಟು, ಟೊಪ್ಪಿಗೆ, ಎರಡೂ ಕೈಯಲ್ಲಿ ದೊಡ್ಡ ಬಟ್ಟೆಗಂಟುಗಳು. ಮುದುಕ ಪಾತ್ರೆ ನೋಡಿದ, ಸೂಟ್‌ಕೇಸು ನೋಡಿದ, ಮೆಲ್ಲಗೆ ಹೇಳಿದ:

“ತಮ್ಮಾ, ಭಾರ ಇದ್ದದ್ದು ತಳಕ್ಕ ಇಡಬೇಕಪಾ...”

“ನೀ ಯಾವನಲೇ ಮುದಿಯಾ?” ಅಮರೇಶಪ್ಪ ಅಂಗಳಕ್ಕೆ ಜಿಗಿದ. “ನಿನ್ನೂ ಬೀದರ್‌ಗೆ ಕಳಸೋದೈತೇನು? ಬಾ, ನಿನ್ನs ಮಡಚಿ ತುಂಬತೀನಿ! ಆ ಟೊಪ್ಪಿಗಿಯೊಳಗ ನಾಕು ಚಡ್ಡಿನೂ ಹಿಡಸತಾವ!”

ಮುದುಕ ಎರಡು ಹೆಜ್ಜೆ ಹಿಂದೆ ಸರಿದ. “ಇಲ್ಲಿ ಅಮರೇಶಪ್ಪ ಅನ್ನೋರ ಮನಿ ಯಾವುದ್ರಿ? ನಾ ಬೀದರ್ ಕಲ್ಯಾಣಪ್ಪ. ನಲಿನಿ ಅಪ್ಪ.”

ಅಮರೇಶಪ್ಪನ ಸಿಟ್ಟು ನೀರು ಸುರಿದ ಕೆಂಡದಂತೆ ಚುಂಯ್ ಎಂದು ಆರಿತು. ಮುದುಕನ ಕಾಲಿಗೇ ಬಿದ್ದ.

“ತಪ್ಪಾತ್ರಿ ಮಾವಾ... ಅಲ್ಲ, ಸಾವಕಾರ್ರ... ನಾ ಹಂಗಲ್ರಿ, ಇವತ್ತೊಂದಿನ... ಒಳಗ ಬರ್ರಿ, ನೀರು ಕುಡೀರಿ!”

ಕಲ್ಯಾಣಪ್ಪ ಕುರ್ಚಿಯ ತುದಿಯಲ್ಲಿ ಕೂತ. “ಇರಲಿ ಬಿಡ್ರಿ. ನಿಮಗ ಒಂದು ಮಾತು ಹೇಳಿ ಹೋಗೋಣ ಅಂತ ಬಂದೆ...”

“ಮಾತು ಆಮ್ಯಾಲೆ ರೀ! ಈ ಗಂಟು ಹೊತ್ತು ನಿಮ್ಮ ಹೆಗಲು ಏನಾಗಿರಬೇಕು? ಕೊಡ್ರಿ ಇಲ್ಲಿ. ನಾ ಹೆಂಗೂ ಬೀದರ್‌ಗೇ ಹೊಂಟೀನಿ. ನೀವು ಇನ್ನ ಇದನ್ನ ಮುಟ್ಟೂದು ಬ್ಯಾಡ.”

“ಅಲ್ರಿ, ನಾ ಹೇಳೋದು ಕೇಳ್ರಿ...”

ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ತನ್ನ ಬಟ್ಟೆಯನ್ನೆಲ್ಲ ಮಂಚದ ಕೆಳಗೆ ಒಗೆದ. ಸೂಟ್‌ಕೇಸನ್ನು ಉಜ್ಜಿ ಉಜ್ಜಿ ಒರೆಸಿ ಒಳಗೆ ಪೇಪರು ಹಾಸಿದ. ಗಂಟು ಬಿಚ್ಚಿದರೆ ಪತ್ಥರ್‌ಗಟ್ಟಿ ಪೇಟೆಯ ಅಂಗಡಿಗಳಲ್ಲಿ ಕೊಂಡ ರೇಷ್ಮೆ ಸೀರೆಗಳು, ಬೆಳ್ಳಿ ಕುಂಕುಮ ಭರಣಿ, ಹಿತ್ತಾಳೆಯ ದೀಪದ ಸಮೆ, ಬಳೆಯ ಕಟ್ಟುಗಳು. ಬಳೆಗಳನ್ನು ರವಿಕೆ ಖಣದಲ್ಲಿ ಸುತ್ತಿ, ಸಮೆಯನ್ನು ಸೀರೆಗಳ ನಡುವೆ ಮಲಗಿಸಿ, ಜೀವಮಾನದಲ್ಲಿ ಯಾವ ಸೀಸೆಗೂ ತೋರದ ಅಕ್ಕರೆಯಿಂದ ತುಂಬಿದ. ಎರಡು ಗಂಟು ಒಂದೇ ಸೂಟ್‌ಕೇಸಿನಲ್ಲಿ ಅಡಗಿದವು. ಮುಚ್ಚಳ ಟಕ್ಕೆಂದಿತು. ಕುಲುಕಿದ, ಸದ್ದಿಲ್ಲ. ರಾಘವೇಂದ್ರರಾಯರೂ ಬಾಯಿ ಮುಚ್ಚಿದರು.

“ಎಂಥಾ ಕೈ!” ಎಂದ ಕಲ್ಯಾಣಪ್ಪ. ಅವನ ಮುಖದ ಗಂಟು ಸಡಿಲಾಗಿತ್ತು.

ಬಸಲಿಂಗಮ್ಮ ತಡೆಯಲಾರದೆ ಕೇಳಿದಳು. “ಇಷ್ಟೆಲ್ಲಾ ಸೀರಿ ಯಾರಿಗ್ರಿ?”

“ನಮ್ಮ ನಲಿನಿ ಲಗ್ನದ್ದು ರೀ.”

ಅಮರೇಶಪ್ಪನ ಎದೆ ಪೂರಿಯಂತೆ ಉಬ್ಬಿತು. ಹೆಣ್ಣು ನೋಡುವ ಮೊದಲೇ ಸೀರೆ! ನಾಚಿ ನೆಲ ನೋಡಿದ.

“ವರ ಯಾರ್ರಿ?” ಬಸಲಿಂಗಮ್ಮ ಬಿಡಲಿಲ್ಲ.

“ಗುಲಬರ್ಗಾದಾವ. ಬ್ಯಾಂಕಿನ್ಯಾಗ ಅದಾನ. ಮೊನ್ನೆ ಒಮ್ಮಿಂದೊಮ್ಮೆ ನಿಶ್ಚಯ ಆಗಿಬಿಡ್ತು. ಪಾಪ, ಇವರು ಸುಮ್ಮನs ಖರ್ಚು ಮಾಡಿಕೊಂಡು ಬರೋದು ಬ್ಯಾಡ ಅಂತ ಖುದ್ದ ಹೇಳಾಕ ಬಂದೆ. ಇವರು ಬಾಯಿ ತೆಗಿಯಾಕ ಬಿಡಲಿಲ್ಲ.”

ಅಮರೇಶಪ್ಪನ ಕೈ ತಾನಾಗಿ ಸೂಟ್‌ಕೇಸಿನ ಮುಚ್ಚಳದತ್ತ ಹೋಯಿತು. ಕಲ್ಯಾಣಪ್ಪ ಆ ಕೈ ಹಿಡಿದುಕೊಂಡ.

“ಬಿಚ್ಚಬ್ಯಾಡ್ರಿ! ಇಂಥಾ ಕಟ್ಟು ಮತ್ತೊಮ್ಮೆ ಆಗೂದಿಲ್ಲ. ನಂದು ಬಂಗಾರದ ಕೆಲಸ ಬಾಕಿ ಐತಿ, ನಾ ಇಲ್ಲೇ ಎರಡು ದಿನ ಇರತೀನಿ. ನೀವು ಇವತ್ತs ಒಯ್ದು ಮನ್ಯಾಗ ಮುಟ್ಟಿಸಿಬಿಡ್ರಿ. ನಿಮ್ಮ ಸಿಟ್ಟಿನ ಸುದ್ದಿ ಕೇಳಿದ್ದೆ. ಆಗ ಒದರಿದ್ದು ಬಿಡ್ರಿ, ಇಂಥಾ ಸುದ್ದಿ ಕೇಳಿನೂ ಸುಮ್ಮನದೀರಿ, ಅದೆಲ್ಲಾ ಸುಳ್ಳು. ನಿಮ್ಮಂಥಾ ಸಮಾಧಾನದ ಮನಷ್ಯಾ ಸಿಗೂದಿಲ್ಲ.”

ಅಮರೇಶಪ್ಪ ಇದೇ ಮನುಷ್ಯನನ್ನು ಬೈದೂ ಆಗಿತ್ತು, ಕಾಲಿಗೆ ಬಿದ್ದೂ ಆಗಿತ್ತು. ಇನ್ನು ಉಳಿದದ್ದು ಹೊರುವುದೊಂದೇ. ಸೂಟ್‌ಕೇಸು ಎತ್ತಿಕೊಂಡ.

ಗೇಟಿನ ಹತ್ತಿರ ಕಲ್ಯಾಣಪ್ಪ ಮತ್ತೆ ಕರೆದ. “ಮತ್ತ ಲಗ್ನಕ್ಕ ನಾಕು ದಿನ ಮೊದಲs ಬರಬೇಕು ನೋಡ್ರಿ. ಹುಡುಗಿನ್ನ ಗಂಡನ ಮನಿಗೆ ಕಳಸೋವಾಗ ಅಕಿ ಪೆಟಗಿ ನೀವs ತುಂಬಬೇಕು.”

ಅಮರೇಶಪ್ಪ ತಲೆ ಆಡಿಸಿದ. ಹೌದೆಂದೋ ಅಲ್ಲವೆಂದೋ ಅವನಿಗೂ ತಿಳಿಯಲಿಲ್ಲ.

ಬೀದಿಯ ಮೂಲೆಯಲ್ಲಿ ಸೈಕಲ್ ರಿಕ್ಷಾದವನು ಸೂಟ್‌ಕೇಸು ಎತ್ತಿಟ್ಟುಕೊಂಡು, ಅದರ ಭಾರ ನೋಡಿ ಹಲ್ಲು ಕಿರಿದ. “ಪೆಳ್ಳಿಕಾ ಸಾರ್?” ಮದುವೆಗಾ ಎಂದು ಅವನು ಪ್ರೀತಿಯಿಂದಲೇ ಕೇಳಿದ್ದ.

ಅಷ್ಟು ಹೊತ್ತು ಒಳಗೆ ಒತ್ತಿ ಒತ್ತಿ ತುಂಬಿಟ್ಟಿದ್ದೆಲ್ಲ ಅಮರೇಶಪ್ಪನ ಬಾಯಿಂದ ಒಮ್ಮೆಲೇ ಹೊರಬಿತ್ತು. ಕನ್ನಡದಲ್ಲಿ, ತೆಲುಗಿನಲ್ಲಿ, ಸಾಲದ್ದಕ್ಕೆ ಉರ್ದುವಿನಲ್ಲಿ. ರಿಕ್ಷಾದವನು ಸಾವಧಾನವಾಗಿ ಕೊನೆಯ ತನಕ ಕೇಳಿದ. ಆಮೇಲೆ ಸೂಟ್‌ಕೇಸನ್ನು ರಸ್ತೆಯ ನಡುವೆ ಇಳಿಸಿ, ಗಂಟೆ ಬಾರಿಸುತ್ತ ಹೊರಟುಹೋದ.

ಸುಡುವ ಬಿಸಿಲಿನಲ್ಲಿ ಅಮರೇಶಪ್ಪ ಗುಲಬರ್ಗಾದವನ ಹೆಂಡತಿಯ ಸೀರೆಗಳನ್ನು ತಲೆಯ ಮೇಲೆ ಹೊತ್ತು ಸ್ಟೇಷನ್ನಿನ ಕಡೆ ನಡೆದ. ಒಳಗೆ ಒಂದು ಬಳೆಯೂ ಸದ್ದು ಮಾಡಲಿಲ್ಲ.