ನಿದ್ದೆರಾಯನ ತುರಿಕೆ

ನಿದ್ದೆರಾಯನ ಬೆನ್ನಿನ ಮೇಲೆ ಮೊದಲ ಕೆಂಪು ಗುಳ್ಳೆ ಎದ್ದದ್ದು ಅವನ ಡಯಟ್ಟಿನ ಇಪ್ಪತ್ತಾರನೆಯ ದಿನ. ಸೊಳ್ಳೆ ಕಚ್ಚಿರಬೇಕೆಂದು ಅವನು ಸುಮ್ಮನಾದ. ಗುಳ್ಳೆ ಸುಮ್ಮನಾಗಲಿಲ್ಲ, ನೆಂಟರಿಷ್ಟರನ್ನೆಲ್ಲ ಕರೆಸಿಕೊಂಡಿತು. ಮೂವತ್ತನೆಯ ದಿನ ಬೆಳಗ್ಗೆ ಕನ್ನಡಿಯ ಮುಂದೆ ಬನಿಯನ್ ಎತ್ತಿ ನೋಡಿದರೆ ಎದೆ, ಬೆನ್ನು, ಕುತ್ತಿಗೆಯ ತುಂಬ ಮೀನಿನ ಬಲೆ ಹರವಿದಂತೆ ಕೆಂಪಗೆ ಹಬ್ಬಿತ್ತು. ತುರಿಕೆಯಂತೂ ಹೇಳತೀರದು. ಬಾಗಿಲಿನ ಚೌಕಟ್ಟಿಗೆ ಬೆನ್ನು ಕೊಟ್ಟು ಎಮ್ಮೆಯ ಹಾಗೆ ಉಜ್ಜಿಕೊಳ್ಳುತ್ತಿದ್ದವನನ್ನು ಹೆಂಡತಿ ಅಡುಗೆಮನೆಯಿಂದ ನೋಡಿದಳು.

"ರೀ, ಬಣ್ಣ ಹೋಗತ್ತೆ."

"ಯಾರದ್ದು, ನಂದಾ?"

"ಬಾಗಿಲಿಂದು. ಹೋದ ತಿಂಗಳು ತಾನೆ ಬಳಿಸಿದ್ದು." ಅವಳು ಹತ್ತಿರ ಬಂದು ಬೆನ್ನು ನೋಡಿ ಹೌಹಾರಿದಳು. "ಅಯ್ಯೋ, ಇದೇನ್ರೀ ಇದು! ಊಟ ಬಲ್ಲವನಿಗೆ ರೋಗ ಇಲ್ಲ ಅಂತ ಸುಮ್ನೆ ಹೇಳಿದಾರಾ ದೊಡ್ಡವರು? ಒಂದು ತುತ್ತು ಅನ್ನ ತಿನ್ನಿ, ಎಲ್ಲ ಸರಿಹೋಗತ್ತೆ."

"ಇವತ್ತೊಂದು ದಿನ ಕಣೇ. ಸಂಜೆ ಆರು ಗಂಟೆಗೆ ತಕ್ಕಡಿ. ಆಮೇಲೆ ಪಾತ್ರೆಗೇ ಬಾಯಿ ಹಾಕ್ತೀನಿ, ನೋಡ್ತಿರು."

ನಿದ್ದೆರಾಯನಿಗೆ ತಂದೆತಾಯಿ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಭದ್ರವಾಗಿತ್ತು, ಅಲ್ಲಿಂದಾಚೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಪೇಟೆಬೀದಿಯ ದೊಡ್ಡ ಹಾಸಿಗೆ ಅಂಗಡಿಯಲ್ಲಿ ಹದಿನಾಲ್ಕು ವರ್ಷಗಳಿಂದ ಅವನ ಕೆಲಸ ಮಲಗುವುದು. ಅದು ಆ ಅಂಗಡಿಯಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಗಿರಾಕಿ ಮುಟ್ಟುವ ಮೊದಲು ಅಂಗಡಿಯವನು ಹಾಸಿಗೆಯ ಮೇಲೆ ಹತ್ತು ನಿಮಿಷ ಮಲಗಿ ತೋರಿಸಬೇಕು. ಪಕ್ಕದಲ್ಲೇ, ಅದೇ ಹಾಸಿಗೆಯ ಮೇಲೆ, ತುಂಬಿದ ನೀರಿನ ಲೋಟ ಇಟ್ಟಿರಬೇಕು. ಒಂದು ಹನಿ ತುಳುಕಬಾರದು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರಲ್ಲ, ನಿದ್ದೆರಾಯನಿಗೆ ಸಂತೆಯಲ್ಲಿ ನಿದ್ದೆ ಮಾಡುವುದಕ್ಕೇ ಸಂಬಳ.

ಆದರೆ ಮಲಗಿ ಮಲಗಿ ಮೈ ಬಂದಿತು. ಹೋದ ತಿಂಗಳು ಅವನು ಮಲಗಿದ ಕೂಡಲೇ ಹಾಸಿಗೆ ಅವನನ್ನು ನುಂಗಿ, ಲೋಟ ಉರುಳಿ, ನೀರು ಗಿರಾಕಿಯ ಹೊಸ ಚಪ್ಪಲಿಗೆ ಅಭಿಷೇಕವಾಯಿತು. "ಇದು ಹಾಸಿಗೆಯೋ ಬಾವಿಯೋ?" ಎಂದು ಕೇಳಿ ಆ ಮನುಷ್ಯ ಎದುರಿನ ಅಂಗಡಿಗೆ ಹೋದ. ಯಜಮಾನರು ನಿದ್ದೆರಾಯನನ್ನು ಕರೆದು ಹೇಳಿದ್ದಿಷ್ಟು:

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಯ್ಯ. ನೀನು ಹಾಸಿಗೆ ಮೀರಿ ಹೊಟ್ಟೆ ಚಾಚಿದೀಯ. ಒಂದು ತಿಂಗಳು ಟೈಮು. ಎಂಟು ಕೆಜಿ ಇಳಿಸು. ಇಲ್ಲ ಅಂದ್ರೆ ಗೋಡೌನಿಗೆ ಹೋಗಿ ಹತ್ತಿ ತುಂಬು."

ಗೋಡೌನ್ ಎಂದರೆ ತಗಡಿನ ಸೂರು, ಕಿಟಕಿ ಇಲ್ಲದ ಗೋಡೆ, ಮೂಗಿನೊಳಗೆ ಹತ್ತಿಯ ಧೂಳು. ಅಲ್ಲಿ ಕೆಲಸ ಮಾಡುವವರು ಮಾತು ಮುಗಿಸುವಷ್ಟರಲ್ಲಿ ನಾಲ್ಕು ಸಲ ಕೆಮ್ಮುತ್ತಿದ್ದರು. ಹದಿನಾಲ್ಕು ವರ್ಷ ಫ್ಯಾನಿನ ಕೆಳಗೆ ಮಲಗಿದ್ದವನಿಗೆ ಅದರ ನೆನಪೇ ಸಾಕಾಗಿತ್ತು. ಭಾವಮೈದ ಕೀಟೊ ಡಯಟ್ ಎಂಬುದನ್ನು ಹೇಳಿಕೊಟ್ಟ. ಅನ್ನ ಇಲ್ಲ, ಬ್ರೆಡ್ ಇಲ್ಲ, ಸಕ್ಕರೆ ಇಲ್ಲ, ಬಾಳೆಹಣ್ಣೂ ಇಲ್ಲ. ಮೊಟ್ಟೆ, ಬೆಣ್ಣೆ, ಚೀಸು, ಮಾಂಸ ಮಾತ್ರ. ಮೊದಲ ವಾರ ಸುಖವಾಗಿತ್ತು. ಎರಡನೆಯ ವಾರದಲ್ಲಿ ಮೊಟ್ಟೆ ಕಂಡರೆ ಇಡೀ ಕೋಳಿಕುಲದ ಮೇಲೆ ಸಿಟ್ಟು ಬರತೊಡಗಿತು. ಆದರೂ ತೂಕ ಇಳಿಯಿತು ಎಂಬುದನ್ನು ಒಪ್ಪಲೇಬೇಕು. ಪ್ಯಾಂಟು ಬೆಲ್ಟಿನ ದಯೆಯಿಂದ ನಿಂತಿತ್ತು.

ಅಂಗಡಿಗೆ ಬಂದವನೇ ಅವನು ಕಂಬಕ್ಕೆ ಬೆನ್ನು ಕೊಟ್ಟ. ಯಜಮಾನರು ಗಡಿಯಾರ ನೋಡಿ ಎದುರಿಗೆ ಬಂದರು.

"ನಾಲ್ಕು ಗಂಟೆಗೆ ಹಾಸ್ಟೆಲಿನ ವಾರ್ಡನ್ ಮೇಡಂ ಬರ್ತಾರೆ. ಮುನ್ನೂರು ಹಾಸಿಗೆ. ತಿಳೀತಾ? ಮುನ್ನೂರು! ಅವರ ಮುಂದೆ ಹೆಣದ ಹಾಗೆ ಮಲಗಬೇಕು ನೀನು. ಆರು ಗಂಟೆಗೆ ತಕ್ಕಡಿ. ಎರಡರಲ್ಲಿ ಒಂದು ತಪ್ಪಿದ್ರೂ ಗೋಡೌನು."

"ಆಯ್ತು ಯಜಮಾನ್ರೇ," ಎಂದ ನಿದ್ದೆರಾಯ, ಕಂಬದ ಮೇಲೆ ಎಡಕ್ಕೂ ಬಲಕ್ಕೂ ಸರಿಯುತ್ತ.

ಇದನ್ನು ಮೊದಲು ಗಮನಿಸಿದವರು ಕ್ಯಾಶ್ ಕೌಂಟರಿನ ಅಕ್ಕ. ಆಕೆಯ ಬ್ಯಾಗಿನಲ್ಲಿ ಆಕೆಯ ಕಾಯಿಲೆಗಳಿಗಿಂತ ಹೆಚ್ಚು ಔಷಧಿಗಳಿದ್ದವು; ಹೆಚ್ಚಾದದ್ದನ್ನು ಕಂಡವರಿಗೆ ಹಚ್ಚುವುದು ಆಕೆಯ ಸಮಾಜಸೇವೆ.

"ಬಾ ತಮ್ಮಾ, ಇದು ಹಚ್ತೀನಿ. ನಮ್ಮ ಮಾವನವರ ಮಂಡಿನೋವು ಒಂದೇ ದಿನದಲ್ಲಿ ಹೋಯ್ತು."

"ಅಕ್ಕಾ, ಇದು ಮಂಡಿ ಅಲ್ಲ, ಬೆನ್ನು."

"ಚರ್ಮ ಎಲ್ಲ ಒಂದೇ ಕಣೋ."

ಆಕೆ ಹಚ್ಚಿದ ಮುಲಾಮು ಮೊದಲು ತಣ್ಣಗಾಯಿತು, ಆಮೇಲೆ ಬಿಸಿಯಾಯಿತು, ಆಮೇಲೆ ಬೆಂಕಿಯಾಯಿತು. ನಿದ್ದೆರಾಯ ಅಂಗಡಿಯ ಹಿಂದಿನ ನಲ್ಲಿಗೆ ಓಡಿದ. ಅಲ್ಲಿ ಲಾರಿ ತೊಳೆಯುತ್ತಿದ್ದ ಡ್ರೈವರ್ ಅವನ ಬೆನ್ನನ್ನು ನೋಡಿ, ಟಯರು ಪರೀಕ್ಷಿಸುವವನಂತೆ ತಲೆಯಾಡಿಸಿದ.

"ಅಣ್ಣಾ, ಇದಕ್ಕೆ ಉಪ್ಪುನೀರೇ ಮದ್ದು."

ಬೇಡ ಎನ್ನುವಷ್ಟರಲ್ಲಿ ಅವನು ಬಕೆಟ್ಟಿಗೆ ಉಪ್ಪು ಕಲಸಿ ಸುರಿದೂಬಿಟ್ಟ. ಗಾಯದ ಮೇಲೆ ಉಪ್ಪು ಎಂಬ ಮಾತನ್ನು ನಿದ್ದೆರಾಯ ನೂರು ಸಲ ಆಡಿದ್ದ, ಅರ್ಥವಾದದ್ದು ಅಂದೇ. ಅವನ ಕೂಗಿಗೆ ಪಕ್ಕದ ಮೆಡಿಕಲ್ ಶಾಪಿನವರು ಕನ್ನಡಕ ಹಣೆಗೇರಿಸಿಕೊಂಡು ಹೊರಗೆ ಬಂದರು. ಇಡೀ ಬೀದಿಯಲ್ಲಿ ಹಚ್ಚುವ ಮೊದಲು ಕೇಳುವ ಅಭ್ಯಾಸವಿದ್ದವರು ಅವರೊಬ್ಬರೇ.

"ಏನು ತಿಂತಾ ಇದ್ದೀರಿ ಈಚೆಗೆ?"

ನಿದ್ದೆರಾಯ ಮೊಟ್ಟೆಯಿಂದ ಮೊಟ್ಟೆಯವರೆಗೆ ಎಲ್ಲ ಹೇಳಿದ.

"ಸರಿ ಬಿಡಿ, ಇದು ಡಯಟ್ಟಿಂದಾನೇ ಬಂದಿರೋದು. ಅನ್ನ, ಬ್ರೆಡ್ ಪೂರ್ತಿ ಬಿಟ್ಟವರಲ್ಲಿ ಕೆಲವರಿಗೆ ಹೀಗೇ ಬಲೆ ಥರ ಏಳತ್ತೆ. ಒಮ್ಮೆ ಡಾಕ್ಟರಿಗೂ ತೋರಿಸಿ. ಆದ್ರೆ ಮೊದಲು ಹೋಗಿ ಹೊಟ್ಟೆ ತುಂಬ ಊಟ ಮಾಡಿ. ಕೆಲವೇ ದಿನದಲ್ಲಿ ಒಣಗಿಹೋಗತ್ತೆ."

"ಆರು ಗಂಟೆವರೆಗೆ ಆಗಲ್ಲ ಸಾರ್. ತಕ್ಕಡಿ ಇದೆ."

"ಹಾಗಾದ್ರೆ ಆರು ಗಂಟೆವರೆಗೆ ಕೆರ್ಕೋಬೇಡಿ," ಎಂದು ಅವರು ಒಳಗೆ ಹೋದರು. ಸಾಯಬೇಡಿ ಎಂದು ಹೇಳಿ ಹೋದಷ್ಟೇ ಸುಲಭವಾಗಿ.

ನಾಲ್ಕಕ್ಕೆ ಸರಿಯಾಗಿ ವಾರ್ಡನ್ ಮೇಡಂ ಬಂದರು. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಹಾಸ್ಟೆಲಿನ ಹುಡುಗಿಯರ ಸಂಜೆಯ ತಿಂಡಿಗೆಂದು ಬೇಕರಿಯಿಂದ ಕಟ್ಟಿಸಿಕೊಂಡ ಬನ್ನಿನ ದೊಡ್ಡ ಚೀಲ. ಬಿಸಿ ಬನ್ನಿನ ಪರಿಮಳ ಅಂಗಡಿಯ ತುಂಬ ಹರಡಿತು. ಮೂವತ್ತು ದಿನ ಸಕ್ಕರೆಯ ಮುಖ ನೋಡದ ನಿದ್ದೆರಾಯನ ಕಣ್ಣಲ್ಲಿ ನೀರಾಡಿತು.

"ನನಗೆ ಬಣ್ಣದ ಮಾತು ಬೇಡ," ಎಂದರು ಮೇಡಂ. "ಹೋದ ಸಲ ತಗೊಂಡ ಹಾಸಿಗೇಲಿ ತಿಗಣೆ ಇತ್ತು. ಹುಡುಗೀರು ರಾತ್ರಿಯೆಲ್ಲ ಕೆರ್ಕೊಂಡು ಬೆಳಗ್ಗೆ ಕ್ಲಾಸಲ್ಲಿ ನಿದ್ದೆ ಮಾಡೋರು. ಮಲಗಿ ತೋರಿಸಿ."

"ತಿಗಣೆನಾ? ನಮ್ಮಲ್ಲಾ? ನೋಡ್ತಾ ಇರಿ ಮೇಡಂ, ಕಲ್ಲು ಮಲಗಿದ ಹಾಗೆ ಮಲಗ್ತಾನೆ," ಎಂದು ಯಜಮಾನರು ಲೋಟಕ್ಕೆ ಅಂಚಿನವರೆಗೆ ನೀರು ತುಂಬಿಸಿಟ್ಟರು.

ನಿದ್ದೆರಾಯ ಮಲಗಿದ. ಹಾಸಿಗೆ ಅವನನ್ನು ನುಂಗಲಿಲ್ಲ. ಹದವಾಗಿ ತಗ್ಗಿ ನಿಂತಿತು. ಯಜಮಾನರ ಮುಖ ಅರಳಿತು. ಒಂದು ನಿಮಿಷ ಕಳೆಯಿತು. ಎರಡನೆಯ ನಿಮಿಷದಲ್ಲಿ ಬಲ ಹೆಗಲ ಕೆಳಗೆ, ಕೈ ಎಟುಕದ ಆ ಒಂದು ಜಾಗದಲ್ಲಿ, ತುರಿಕೆ ಕಣ್ಣು ಬಿಟ್ಟಿತು. ಅವನು ಹಲ್ಲು ಕಚ್ಚಿದ. ಗೋಡೌನನ್ನು ನೆನೆದ. ಸತ್ತ ಅಜ್ಜಿಯನ್ನು ನೆನೆದ. ಮೂರನೆಯ ನಿಮಿಷದಲ್ಲಿ ಕಾಲ್ಬೆರಳುಗಳು ತಮ್ಮಷ್ಟಕ್ಕೆ ಸುರುಳಿ ಸುತ್ತಿಕೊಂಡವು. ನಾಲ್ಕನೆಯ ನಿಮಿಷದಲ್ಲಿ ಅವನ ಮೈ ಅವನ ಮಾತು ಕೇಳುವುದನ್ನು ಬಿಟ್ಟಿತು. ನೀರಿಂದ ತೆಗೆದ ಮೀನಿನಂತೆ ಎಗರಿ, ಹೊರಳಿ, ಎರಡೂ ಕೈಯಲ್ಲಿ ಬೆನ್ನು ಎದೆ ಪರಪರ ಕೆರೆದುಕೊಳ್ಳತೊಡಗಿದ. ಲೋಟ ಹಾರಿ ದಿಂಬಿನ ರಾಶಿಯೊಳಗೆ ಬಿತ್ತು.

"ತಿಗಣೆ!" ಎಂದು ಮೇಡಂ ಛತ್ರಿ ಎತ್ತಿದರು. ಆಚೆ ಮೂಲೆಯಲ್ಲಿ ಜೋಡಿ ದಿಂಬು ಆರಿಸುತ್ತಿದ್ದ ಗಂಡಹೆಂಡತಿ ದಿಂಬನ್ನು ಎಸೆದು ಬೀದಿಗೆ ಹಾರಿದರು.

"ತಿಗಣೆ ಅಲ್ಲ ಮೇಡಂ, ಡಯಟ್ಟು!" ನಿದ್ದೆರಾಯ ಕೆರೆಯುತ್ತಲೇ ಕೂಗಿದ. "ಅನ್ನ ಬಿಟ್ಟಿದ್ದಕ್ಕೆ ತುರಿಕೆ ಬಂದಿದೆ. ಮೆಡಿಕಲ್ ಶಾಪಿನವರನ್ನ ಕೇಳಿ!"

"ಹೊಟ್ಟೆಗೆ ತಿನ್ನದಿದ್ರೆ ಮೈ ತುರಿಸತ್ತಾ? ಮೂವತ್ತು ವರ್ಷದಿಂದ ಹಾಸ್ಟೆಲ್ ಹುಡುಗೀರ ಸುಳ್ಳು ಕೇಳಿದೀನಿ. ನನಗೇ ಕತೆ ಕಟ್ತೀರಾ?"

ಮೆಡಿಕಲ್ ಶಾಪಿನವರನ್ನು ಡ್ರೈವರ್ ಹೆಚ್ಚುಕಡಿಮೆ ಎತ್ತಿಕೊಂಡೇ ಬಂದ. ಅವರು ನಿದ್ದೆರಾಯನ ಬೆನ್ನು ತೋರಿಸಿ ವಿವರಿಸಿದರು. ಮೇಡಂ ಹುಬ್ಬು ಗಂಟಿಕ್ಕಿ ಕೇಳಿ, ಬನ್ನಿನ ಚೀಲ ಬಿಚ್ಚಿದರು.

"ಡಯಟ್ ಅನ್ನೋದು ನಿಜ ಆದ್ರೆ ಔಷಧಿ ಇಲ್ಲೇ ಇದೆ. ತಿನ್ನಲಿ ನೋಡೋಣ. ತಿನ್ನೋಕೆ ಹಿಂದೆಮುಂದೆ ನೋಡಿದ್ರೆ ಹಾಸಿಗೇಲಿ ತಿಗಣೆ ಇದೆ ಅಂತಲೇ ಲೆಕ್ಕ."

ಅತ್ತ ದರಿ, ಇತ್ತ ಪುಲಿ. ನಿದ್ದೆರಾಯ ದೀನನಾಗಿ ಯಜಮಾನರ ಕಡೆ ತಿರುಗಿದ. "ಯಜಮಾನ್ರೇ... ತಕ್ಕಡಿ... ಇನ್ನು ಎರಡು ಗಂಟೆ..."

"ತಕ್ಕಡಿ ಹಾಳಾಗಿ ಹೋಗಲಿ! ಮುನ್ನೂರು ಹಾಸಿಗೆ ಕಣಯ್ಯ! ತಿನ್ನು!"

ಮೊದಲ ಬನ್ನು ಎರಡು ತುತ್ತಿಗೆ ಹೋಯಿತು. ಎರಡನೆಯದು ಎಲ್ಲಿಗೆ ಹೋಯಿತೆಂದು ಅವನಿಗೇ ತಿಳಿಯಲಿಲ್ಲ. ಐದನೆಯದರ ಹೊತ್ತಿಗೆ ಅವನು ಅಳುತ್ತಿದ್ದ. ಸುಖಕ್ಕೋ ಸೋಲಿಗೋ ಹೇಳುವುದು ಕಷ್ಟ. ಏಳನೆಯದರ ಅರ್ಧ ಇನ್ನೂ ಕೈಯಲ್ಲಿದ್ದಾಗ ರೆಪ್ಪೆಗಳು ಭಾರವಾದವು. ತಿಂಗಳ ಹಸಿವು, ನಾಲ್ಕು ದಿನದ ಜಾಗರಣೆ, ಹೊಟ್ಟೆಯಲ್ಲಿ ಬಿಸಿ ಬಿಸಿ ಹಿಟ್ಟು. ಅವನು ಹಾಗೇ ಹಿಂದಕ್ಕೆ ವಾಲಿದ.

ಹದಿನಾಲ್ಕು ವರ್ಷ ನಿದ್ದೆಯ ನಾಟಕವಾಡಿದವನು ಅಂಗಡಿಯಲ್ಲಿ ನಿಜವಾಗಿ ನಿದ್ದೆ ಮಾಡಿದ್ದು ಅದೇ ಮೊದಲು.

ಕಣ್ಣು ಬಿಟ್ಟಾಗ ಗೋಡೆ ಗಡಿಯಾರದಲ್ಲಿ ಆರಕ್ಕೆ ಹತ್ತು ನಿಮಿಷ ಬಾಕಿ. ಕ್ಯಾಶ್ ಅಕ್ಕ ಬೀಸಣಿಗೆ ಹಿಡಿದು ಪಕ್ಕದಲ್ಲೇ ಕುಳಿತಿದ್ದರು.

"ಗೆದ್ದೆ ಕಣೋ ತಮ್ಮಾ! ಆ ಮೇಡಂ ಮತ್ತೆ ಲೋಟ ಇಡಿಸಿ, ಅರ್ಧ ಗಂಟೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರು. ನೀನು ಗೊರಕೆ ಹೊಡೆದೆ, ಒಂದು ಹನಿ ತುಳುಕಲಿಲ್ಲ. 'ಇಂಥ ತುರಿಕೆ ಇಟ್ಕೊಂಡೂ ಇದರ ಮೇಲೆ ನಿದ್ದೆ ಬರತ್ತೆ ಅಂದ್ರೆ ಪರೀಕ್ಷೆ ಹಿಂದಿನ ದಿನ ನಮ್ಮ ಹುಡುಗೀರಿಗೂ ಬರತ್ತೆ' ಅಂತ ಮುನ್ನೂರಕ್ಕೂ ಸಹಿ ಹಾಕಿ ಹೋದ್ರು. ಬೀದಿಯೋರೆಲ್ಲ ಬಂದು ನಿನ್ನ ನೋಡ್ಕೊಂಡು ಹೋದ್ರು. ಅವರಲ್ಲೇ ಆರು ಜನ ಹಾಸಿಗೆ ತಗೊಂಡ್ರು!"

ನಿದ್ದೆರಾಯನ ಎದೆ ಉಬ್ಬಿತು. ಬಾಕಿ ಉಳಿದದ್ದು ತಕ್ಕಡಿ. ಗೋಡೌನಿನ ಬಾಗಿಲಲ್ಲಿ ಹತ್ತಿ ಮೂಟೆ ತೂಗುವ ದೊಡ್ಡ ತಕ್ಕಡಿಯಿತ್ತು. ಅವನು ಉಸಿರು ಬಿಗಿಹಿಡಿದು ಅದನ್ನು ಹತ್ತಿದ. ಮುಳ್ಳು ಅತ್ತಿತ್ತ ಓಲಾಡಿ ನಿಂತಿತು. ಆರೂವರೆ ಬನ್ನು ಹೊಟ್ಟೆಯಲ್ಲಿದ್ದೂ ಎಂಟು ಕೆಜಿ ಇನ್ನೂರು ಗ್ರಾಂ ಇಳಿದಿದ್ದ!

"ಯಜಮಾನ್ರೇ! ನೋಡಿ, ಎಂಟಕ್ಕಿಂತ ಜಾಸ್ತಿ!"

ಯಜಮಾನರು ತಕ್ಕಡಿಯ ಕಡೆ ತಿರುಗಿಯೂ ನೋಡಲಿಲ್ಲ. ಅವರು ಮೆಡಿಕಲ್ ಶಾಪಿನವರ ತೋಳು ಹಿಡಿದುಕೊಂಡು ನಿಂತಿದ್ದರು.

"ಏನಂದ್ರಿ? ವಾಸಿಯಾಗತ್ತಾ?"

"ಹೌದು, ದಿನಾ ಸರಿಯಾಗಿ ಊಟ ಮಾಡಿದ್ರೆ ಬೇಗ ಒಣಗತ್ತೆ."

"ಊಟ ಮಾಡದಿದ್ರೆ?"

"ಮಾಡದಿದ್ರೆ ಹಾಗೇ ಇರತ್ತೆ. ಯಾಕೆ?"

ಯಜಮಾನರು ಡ್ರೈವರನಿಗೆ ಸನ್ನೆ ಮಾಡಿದರು. ಅವನು ಒಳಗಿನಿಂದ ಆಗತಾನೇ ಬರೆದ ಬೋರ್ಡನ್ನು ತಂದು ನಿಲ್ಲಿಸಿದ. ಬಣ್ಣ ಇನ್ನೂ ಆರಿರಲಿಲ್ಲ: 'ಮೈಯೆಲ್ಲ ತುರಿಕೆ ಇದ್ದವನೂ ಗೊರಕೆ ಹೊಡೆಯುವ ಹಾಸಿಗೆ. ಬನ್ನಿ, ಕಣ್ಣಾರೆ ನೋಡಿ. ದಿನಾ ಸಂಜೆ ನಾಲ್ಕಕ್ಕೆ.'

"ನಾಳೆಯಿಂದ ನೀನೇ ಶೋರೂಮಿನ ಇನ್‌ಚಾರ್ಜು," ಎಂದು ಯಜಮಾನರು ಅವನ ಬೆನ್ನು ತಟ್ಟಿದರು, ಸರಿಯಾಗಿ ಗುಳ್ಳೆಗಳ ಮೇಲೆ. "ಮೊದಲು ಗಿರಾಕಿಗಳ ಮುಂದೆ ಚೆನ್ನಾಗಿ ಕೆರ್ಕೋಬೇಕು. ಆಮೇಲೆ ಮಲಗಬೇಕು."

"ಯಜಮಾನ್ರೇ, ಆದ್ರೆ ಬನ್ನು ತಿಂದಿದ್ದಕ್ಕೆ ತಾನೆ ನಿದ್ದೆ..."

"ಬನ್ನು ವಾರಕ್ಕೆ ಒಂದೇ ಸಲ. ಮಿಕ್ಕ ದಿನ ನಿದ್ದೆ ನಾಟಕ ಆಡು, ನಿನಗೇನು ಹೊಸದಾ? ತುರಿಕೆ ಮಾತ್ರ ಅಸಲಿ ಇರಬೇಕು, ಜನ ಹತ್ತಿರ ಬಂದು ನೋಡ್ತಾರೆ. ದಿನಾ ಬೆಳಗ್ಗೆ ಅಂಗಿ ಬಿಚ್ಚಿಸಿ ನಾನೇ ನೋಡ್ತೀನಿ. ಒಂದು ಗುಳ್ಳೆ ಕಮ್ಮಿ ಆಗಿದ್ರೂ ಗೋಡೌನು!"

ಮೆಡಿಕಲ್ ಶಾಪಿನವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಯಜಮಾನರು ಬಹುಮಾನವೆಂದು ಒಂದು ಟ್ರೇ ಮೊಟ್ಟೆಯನ್ನು ನಿದ್ದೆರಾಯನ ಎರಡೂ ಕೈಗೆ ಹೇರಿಯಾಗಿತ್ತು.

ಮನೆಯವರೆಗೆ ಇಪ್ಪತ್ತು ನಿಮಿಷದ ನಡಿಗೆ. ಮೂವತ್ತು ಮೊಟ್ಟೆ, ಎರಡು ಕೈ. ಬಲ ಹೆಗಲ ಕೆಳಗಿನ ಆ ಜಾಗ ದಾರಿಯುದ್ದಕ್ಕೂ ಕೂಗುತ್ತಲೇ ಇತ್ತು, ಕೆರೆಯಲು ಮೂರನೆಯ ಕೈ ಇರಲಿಲ್ಲ. ಬಾಗಿಲು ತೆರೆದ ಕೂಡಲೇ ಒಳಗಿನಿಂದ ಬಿಸಿ ಅನ್ನದ ಆವಿ ಬಂದು ಮುಖಕ್ಕೆ ಬಡಿಯಿತು. ಹೆಂಡತಿ ದೊಡ್ಡ ಪಾತ್ರೆಯನ್ನೇ ಒಲೆಗೇರಿಸಿದ್ದಳು. ಅವಳು ಟ್ರೇ ನೋಡಿದಳು, ಅವನ ಮುಖ ನೋಡಿದಳು.

"ಇದೇನ್ರೀ ಇದು? ಇವತ್ತಿಗೆ ಮುಗೀತು ಅಂದಿದ್ರಲ್ಲ!"

"ಪ್ರಮೋಷನ್ ಆಯ್ತು ಕಣೇ," ಎಂದ ನಿದ್ದೆರಾಯ. ಮೊಟ್ಟೆಯ ಟ್ರೇಯನ್ನು ಅವಳ ಕೈಗಿತ್ತು, ಬಾಗಿಲಿನ ಚೌಕಟ್ಟಿಗೆ ಬೆನ್ನು ಕೊಟ್ಟ.